‘ಸ್ಫೂರ್ತಿ’ ತೆಗೆಯಿರಿ, ಜಗಳ ಬರೆಯಿರಿ

ನಮಸ್ಕಾರ.

ಭಾರತದ ಹೆಣ್ಣುಮಕ್ಕಳ ಮತದ ಹಕ್ಕಿನ ಬಗ್ಗೆ ನೀವು ಕಳಿಸಿದ ‘ಮುತ್ತಜ್ಜಿಯ ಓಟು, ಮರಿಮಗಳ ದನಿ’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ಹಾಗಂತ ಬದಿಗಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

2,400 ಪದಗಳಲ್ಲಿ ಮೊದಲ 900 ಅಮೆರಿಕದ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶ ಮತ್ತು ಮತದ ಹಕ್ಕು ಕೇಳಿದ ಹೆಂಗಸರನ್ನು ಹಾಕಿದ್ದ ಲಂಡನ್ನಿನ ಜೈಲುಗಳಿಗೇ ಹೋಗಿವೆ. ಆಮೇಲೆ ಒಂದೇ ನೆಗೆತಕ್ಕೆ 1950. ನಡುವೆ ಒಂದು ಸಾಲು: ‘ಭಾರತದ ಹೆಣ್ಣುಮಕ್ಕಳಿಗೆ ಕೇಳದೆಯೇ ಮತದ ಹಕ್ಕು ದಕ್ಕಿತು.’ ಲೇಖನ ಮುಗ್ಗರಿಸಿರುವುದು ಇಲ್ಲೇ. 1917ರಿಂದ 1950ರವರೆಗಿನ ಇಡೀ 33 ವರ್ಷ ಬಿಟ್ಟುಹೋಗಿದೆ, ನಿಮ್ಮ ವಿಷಯ ಇರುವುದೇ ಆ 33 ವರ್ಷಗಳಲ್ಲಿ. ಸೆನೆಕಾ ಫಾಲ್ಸ್ ಪೂರ್ತಿ ತೆಗೆಯಿರಿ. ಲಂಡನ್ನಿನ ಬದಲು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಇರಲಿ, ಏಕೆಂದರೆ ಆ ಹೋರಾಟವನ್ನು ಇಲ್ಲಿಗೆ ಹೊತ್ತು ತಂದದ್ದು ಒಬ್ಬ ನಿಜವಾದ ವ್ಯಕ್ತಿ. ಅಲ್ಲಿ ಮತದ ಹಕ್ಕಿಗಾಗಿ ಜೈಲು ಕಂಡಿದ್ದ ಆಕೆ 1915ರಲ್ಲಿ ಭಾರತಕ್ಕೆ ಬಂದರು. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಕಟ್ಟಿದವರಲ್ಲಿ ಒಬ್ಬರು.

ಅದೇ ವರ್ಷ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಇಲ್ಲಿಗೆ ಬಂದಾಗ ಕಸಿನ್ಸ್ ಭೇಟಿಗೆ ಅರ್ಜಿ ಹಾಕಿದ್ದು ಹೆಣ್ಣುಮಕ್ಕಳ ಶಿಕ್ಷಣದ ವಿಷಯಕ್ಕೆ. ರಾಜಕೀಯ ಬೇಡಿಕೆಗಳನ್ನು ಮಾತ್ರ ಕೇಳುತ್ತೇವೆ ಎಂಬ ಉತ್ತರ ಬಂತು. ಸರಿ, ಹಾಗಾದರೆ ರಾಜಕೀಯವನ್ನೇ ಕೇಳೋಣ ಎಂದು ಮತದ ಬೇಡಿಕೆ ಸೇರಿತು. ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಕಂಡಿತು. ಇಂಥದ್ದೊಂದು ಘಟನೆ ಸಾಕು, ‘ಜಾಗೃತಿಯ ಅಲೆ ಎದ್ದಿತು’ ಎಂಬ ನಿಮ್ಮ ಪ್ಯಾರಾ ಪೂರ್ತಿ ಕಿತ್ತು ಹಾಕಬಹುದು.

ಮುಂದಿನ ತಪ್ಪು: ‘ಕರ್ನಾಟಕದ ಮಹಿಳೆಯರು ಮೊದಲು ಮತ ಹಾಕಿದ್ದು 1952ರಲ್ಲಿ.’ ಮತದ ಹಕ್ಕು ಮೊದಲು ಸಿಕ್ಕಿದ 1920ರ ದಶಕದಲ್ಲಿ ಈಗಿನ ಕರ್ನಾಟಕವೇ ಇರಲಿಲ್ಲ. ಮಂಗಳೂರು ಮದ್ರಾಸ್ ಪ್ರಾಂತದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕಲಬುರಗಿ ನಿಜಾಮರ ಕೈಯಲ್ಲಿ, ಮೈಸೂರು ಬೇರೆಯೇ ಸಂಸ್ಥಾನ. ಮತದ ಹಕ್ಕು ಯಾರಿಗೆ ಕೊಡಬೇಕೆಂದು ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ ಹೆಂಗಸರಿಗೆ ಮತ ಬೇಡ ಎಂದಿತು. 1919ರ ಭಾರತ ಸರ್ಕಾರ ಕಾಯ್ದೆ ತಾನು ತೀರ್ಮಾನಿಸದೆ ಅದನ್ನು ಪ್ರಾಂತಗಳ ಶಾಸನ ಸಭೆಗಳಿಗೆ ದಾಟಿಸಿತು. ಹಾಗಾಗಿ ಇಸವಿಗಳು ಒಂದೊಂದು ಕಡೆ ಒಂದೊಂದು: ಮದ್ರಾಸ್ ಮತ್ತು ಮುಂಬಯಿ 1921, ಬಂಗಾಳ 1925. ಆಸ್ತಿ, ಕಂದಾಯದ ಷರತ್ತು ಇತ್ತು, ಅದು ಗಂಡಸರಿಗೂ ಇತ್ತು. ಬ್ರಿಟನ್ನಿನಲ್ಲಿ 1918ರಲ್ಲಿ ಮತ ಸಿಕ್ಕಿದ್ದು 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ. ಗಂಡಸರ ಸಮಕ್ಕೆ ಬಂದದ್ದು 1928ರಲ್ಲಿ. ಅಂದರೆ ಹೆಣ್ಣೆಂಬ ಅಡ್ಡಿಯನ್ನು ಮದ್ರಾಸ್ 7 ವರ್ಷ ಮೊದಲೇ ತೆಗೆದುಹಾಕಿತ್ತು. ‘ಪಶ್ಚಿಮದಿಂದ ಕಲಿತೆವು’ ಎಂಬ ನಿಮ್ಮ ಉಪಶೀರ್ಷಿಕೆ ಇದರ ಮುಂದೆ ನಿಲ್ಲುವುದಿಲ್ಲ.

ಇನ್ನು ‘ಸ್ಫೂರ್ತಿ’. ಲೇಖನದಲ್ಲಿ ಈ ಪದ 14 ಸಲ ಬಂದಿದೆ. ಇವರಿಂದ ಅವರಿಗೆ ಸ್ಫೂರ್ತಿ, ಅವರಿಂದ ಇವರಿಗೆ ಸ್ಫೂರ್ತಿ. ತಲೆಮಾರಿನಿಂದ ತಲೆಮಾರಿಗೆ ಏನು ದಾಟಿತು ಎಂದು ಕೇಳಿಕೊಳ್ಳುವ ಕಷ್ಟವನ್ನು ಈ ಪದ ತಪ್ಪಿಸುತ್ತದೆ. ಪದ ಕಂಡಲ್ಲೆಲ್ಲ ಗೆರೆ ಎಳೆಯಿರಿ. ಅದರ ಜಾಗದಲ್ಲಿ ಒಂದು ಸಂಘ, ಒಂದು ಅರ್ಜಿ, ಒಂದು ಚುನಾವಣೆ, ಏನಾದರೂ ಕೈಗೆ ಸಿಗುವಂಥದ್ದನ್ನು ಇಡಿ. ಇಡಲು ಏನೂ ಸಿಗದಿದ್ದರೆ ಆ ವಾಕ್ಯವೇ ಬೇಡ. ಉದಾಹರಣೆಗೆ, ಕಸಿನ್ಸ್ ಅವರಿಂದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ದಾಟಿದ್ದು 1926ರ ಚುನಾವಣೆ. ಹೆಂಗಸರು ಅಭ್ಯರ್ಥಿಯಾಗಬಹುದು ಎಂದು ಆ ವರ್ಷವಷ್ಟೇ ಆಗಿತ್ತು. ಕಸಿನ್ಸ್ ಒತ್ತಾಯಕ್ಕೆ ಮಂಗಳೂರಿನ ಮಗಳು ಮದ್ರಾಸ್ ಶಾಸನ ಸಭೆಗೆ ನಿಂತು, ಕೂದಲೆಳೆಯ ಅಂತರದಲ್ಲಿ ಸೋತರು.

ದಾಟಿದ್ದೆಲ್ಲ ಒಪ್ಪಿಗೆಯಿಂದಲೇ ದಾಟಲಿಲ್ಲ ಎಂಬುದು ನಿಮ್ಮ ಲೇಖನಕ್ಕೆ ಹೊಳೆದೇ ಇಲ್ಲ. 1930ರ ದುಂಡು ಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು ರಾಧಾಬಾಯಿ ಸುಬ್ಬರಾಯನ್, ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. ಸದ್ಯಕ್ಕಾದರೂ ಶಾಸನ ಸಭೆಗಳಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಡಿ ಎಂದು ಅವರು ಕೇಳಿದರು. ಕಮಲಾದೇವಿ ದುಡಿದ ಅಖಿಲ ಭಾರತ ಮಹಿಳಾ ಪರಿಷತ್ತೂ ಕಸಿನ್ಸ್ ಅವರ ಸಂಘವೂ ಸೇರಿ, ಮೀಸಲು ಬೇಡ, ವಯಸ್ಕರೆಲ್ಲರಿಗೂ ಮತ ಕೊಡಿ ಎಂದವು. 1947ರಲ್ಲಿ ಸಂವಿಧಾನ ಸಭೆಯಲ್ಲಿ ರೇಣುಕಾ ರೇ ಕೂಡ ಮೀಸಲಾತಿ ಬೇಡವೆಂದೇ ಮಾತಾಡಿದರು. 1974ರ ಸ್ತ್ರೀ ಸ್ಥಾನಮಾನ ಸಮಿತಿಯ ಬಹುಮತವೂ ಶಾಸನ ಸಭೆಗಳ ಮೀಸಲಾತಿಯನ್ನು ಒಪ್ಪಲಿಲ್ಲ. ಸಮಿತಿಯಲ್ಲೇ ಇದ್ದ ವೀಣಾ ಮಜುಂದಾರ್, ಲೋತಿಕಾ ಸರ್ಕಾರ್ ಭಿನ್ನಮತ ಬರೆದರು. ಅಲ್ಲಿಂದ ಗಾಳಿ ತಿರುಗಿತು. 1983ರ ಕರ್ನಾಟಕದ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇ. 25, 1993ರಲ್ಲಿ ದೇಶದ ಪಂಚಾಯಿತಿಗಳಿಗೆಲ್ಲ ಮೂರರಲ್ಲೊಂದು, 1996ರಲ್ಲಿ ಲೋಕಸಭೆ, ವಿಧಾನಸಭೆಗಳಲ್ಲೂ ಅಷ್ಟೇ ಮೀಸಲಿಡಲು ದೇವೇಗೌಡರ ಸರ್ಕಾರ ಮಂಡಿಸಿದ ಮಸೂದೆ, 2023ರಲ್ಲಿ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂಬ ಷರತ್ತಿನೊಂದಿಗೆ, ಅದನ್ನು ಸಂವಿಧಾನಕ್ಕೆ ಸೇರಿಸಿದ 106ನೇ ತಿದ್ದುಪಡಿ. ಅಜ್ಜಿಯರು ಅವಮಾನವೆಂದು ಕಂಡದ್ದನ್ನೇ ಮೊಮ್ಮಕ್ಕಳು ಹಕ್ಕೆಂದು ಕೇಳಿದ ಕಥೆ ಇದು. ಇಬ್ಬರ ವಾದವನ್ನೂ ಸರಿಯಾಗಿ ಬರೆಯಿರಿ. ಒಬ್ಬರನ್ನು ಹಿಂದುಳಿದವರೆಂದು ತೋರಿಸಿ ಇನ್ನೊಬ್ಬರನ್ನು ಗೆಲ್ಲಿಸಬೇಡಿ. ಲೇಖನದ ಅರ್ಧ ಜಾಗ ಇದಕ್ಕೇ ಇರಲಿ.

ಈಗ ನಿಮ್ಮ ಒಳ್ಳೆಯ ಪ್ಯಾರಾ, ಐದನೇ ಪುಟದ್ದು. ಓಟರ್ ಲಿಸ್ಟಿಗೆ ಹೆಸರು ಬರೆದುಕೊಳ್ಳಲು ಬಂದವರಿಗೆ ಮುತ್ತಜ್ಜಿ ತನ್ನ ಹೆಸರು ಹೇಳದೆ ‘ಇಂಥವರ ಹೆಂಡತಿ’ ಅಂತ ಬರೆಸಿದಳಂತೆ, ಅಜ್ಜಿ ಹೇಳಿದ್ದು. ಇದನ್ನು ಎರಡೇ ಸಾಲಿನಲ್ಲಿ ದಾಟಿದ್ದೀರಿ, ಅನ್ಯಾಯ. ಮೊದಲ ಚುನಾವಣೆಯ ಪಟ್ಟಿಗಳಲ್ಲಿ ದೇಶದ ತುಂಬ ಹೀಗೆ ಆಗಿತ್ತು. ಸ್ವಂತ ಹೆಸರು ಕೊಡದಿದ್ದರೆ ನೋಂದಣಿ ಇಲ್ಲ ಎಂದು ಚುನಾವಣಾ ಆಯೋಗ ಪಟ್ಟು ಹಿಡಿದದ್ದರಿಂದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಇದನ್ನು 1935ರ ಭಾರತ ಸರ್ಕಾರ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಗಂಡನಿಗೆ ಆಸ್ತಿಯಿದ್ದರೆ ಹೆಂಡತಿಗೆ ಮತ ಎಂಬುದು ಅದರ ಒಂದು ಅರ್ಹತೆ. ಮಹಿಳಾ ಸಂಘಟನೆಗಳು ಅದನ್ನು ಆಕ್ಷೇಪಿಸಿದ್ದವು. ಒಂದು ಕಾಲದಲ್ಲಿ ಹೆಂಡತಿ ಎಂಬ ಕಾರಣಕ್ಕೆ ಪಟ್ಟಿ ಸೇರಿದರು, ಇನ್ನೊಂದು ಕಾಲದಲ್ಲಿ ಹೆಂಡತಿ ಎಂದಷ್ಟೇ ಬರೆಸಿದ್ದಕ್ಕೆ ಪಟ್ಟಿಯಿಂದ ಹೊರಬಿದ್ದರು.

ಒಂದು ಎಚ್ಚರಿಕೆ. ಕೈಬಿಟ್ಟ ಹೆಸರುಗಳು ಹೆಚ್ಚಾಗಿ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತದ ಕಡೆಯವು. ಪಟ್ಟಿ ನೋಡದೆ ಮುತ್ತಜ್ಜಿಯ ಹೆಸರೂ ಹೋಯಿತೆಂದು ಬರೆಯಬೇಡಿ. ನಿಮ್ಮ ಪ್ರಕಾರವೇ ಆಕೆ 1952ರಲ್ಲಿ ‘ನಡುಗುವ ಕೈಯಿಂದ ಮುದ್ರೆ ಒತ್ತಿದಳು’. ಮುದ್ರೆ ಒತ್ತಿರಲಾರಳು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದಷ್ಟೇ. ಮುದ್ರೆ ದೇಶದ ತುಂಬ ಬಂದದ್ದು 1962ರ ಚುನಾವಣೆ ಹೊತ್ತಿಗೆ. ಅಜ್ಜಿಯನ್ನು ಮತ್ತೆ ಕೂರಿಸಿಕೊಂಡು ಕೇಳಿ: ಪೆಟ್ಟಿಗೆ ಎಷ್ಟಿದ್ದವಂತೆ, ಯಾವ ಚಿತ್ರವಿತ್ತಂತೆ, ಹೆಂಗಸರ ಸಾಲು ಬೇರೆ ಇತ್ತಂತಾ. ‘ಹೇಗನ್ನಿಸಿತಂತೆ’ ಎಂದು ಕೇಳಬೇಡಿ, ‘ಖುಷಿಯಾಯಿತಂತೆ’ ಅನ್ನುವುದರಾಚೆ ಏನೂ ಸಿಗುವುದಿಲ್ಲ.

1,500 ಪದಗಳಿಗೆ ಇಳಿಸಿ, ಐದನೇ ಪುಟದಿಂದ ಶುರು ಮಾಡಿ ಕಳಿಸಿ. ಇಸವಿಗಳನ್ನು ಒಂದು ಹಾಳೆಯಲ್ಲಿ ಬೇರೆ ಬರೆದು, ಪ್ರತಿಯೊಂದರ ಮುಂದೆ ಯಾವ ಪ್ರಾಂತ, ಯಾವ ಹಕ್ಕು (ಮತ ಹಾಕುವುದೋ, ನಿಲ್ಲುವುದೋ) ಎಂದು ನಮೂದಿಸಿ, ಗೊಂದಲವಾಗುವುದು ಅಲ್ಲೇ. ಇನ್ನೊಂದು ಮಾತು: ಆರು ಪುಟಗಳಲ್ಲಿ ಮುತ್ತಜ್ಜಿಯ ಹೆಸರನ್ನು ನೀವೂ ಎಲ್ಲೂ ಬರೆದಿಲ್ಲ. ಅಜ್ಜಿಯನ್ನು ಕೇಳಿ ಸೇರಿಸಿ.