ಹೊಟ್ಟೆ ಮೇಲೆ ಇಳಿಸಿದ್ರೆ ಅದು ಲ್ಯಾಂಡಿಂಗಾ?

ಪ್ರಶ್ನೆ: ಆನ್‌ಲೈನ್ ಫ್ಲೈಟ್ ಸಿಮ್ಯುಲೇಟರ್ ಗೇಮಲ್ಲಿ ಮೊನ್ನೆ ಎರಡು ವಿಮಾನ ಹೊಡೆದು ವಾಪಸ್ ಬರ್ತಿದ್ದೆ, ಇಂಜಿನ್‌ಗೆ ಏಟು ಬಿದ್ದಿತ್ತು, ರನ್‌ವೇ ತನಕ ಆಗಲ್ಲ ಅನ್ಸಿ ನಮ್ಮ ಕಡೆ ಹೊಲದಲ್ಲೇ ಚಕ್ರ ಬಿಡದೆ ಇಳಿಸ್ದೆ. ಪೈಲಟ್‌ಗೆ ಒಂದು ಗೀರೂ ಇಲ್ಲ. ಆದ್ರೂ ಪಾಯಿಂಟ್ಸ್ ಕಟ್, ಮೇಲಿಂದ ನನಗೆ ಹೊಡೆದವನಿಗೆ ಕಿಲ್ (ವಿಮಾನ ಉರುಳಿಸಿದ ಲೆಕ್ಕ) ಬೇರೆ! ಇದ್ಯಾವ ನ್ಯಾಯ ಸಾರ್?

ಉತ್ತರ: ಬೇಜಾರಾಗತ್ತೆ, ಒಪ್ತೀನಿ. ಆದ್ರೆ ಇಲ್ಲಿ ಲೆಕ್ಕ ಒಂದಲ್ಲ ಮೂರು, ಪೈಲಟ್ ಉಳಿದ್ನಾ, ವಿಮಾನ ಉಳೀತಾ, ಹೊಡೆದವನಿಗೆ ಏನು ಸಿಗ್ಬೇಕು. ನೀವು ಮೊದಲನೇದನ್ನ ಮಾತ್ರ ನೋಡ್ತಿದ್ದೀರ. ಪ್ರೊಪೆಲ್ಲರ್ ಮಡಚಿಕೊಂಡು ಹೊಲದಲ್ಲಿ ಬಿದ್ದಿರೋ ವಿಮಾನ ಮರುದಿನ ಹಾರಲ್ವಲ್ಲ, ಅವನ ಗುಂಡಿನಿಂದಾನೇ ಅಲ್ವಾ ಅದು ಅಲ್ಲಿಗೆ ಬಂದಿದ್ದು? ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆ ಹಾನಿನ ಪರ್ಸೆಂಟ್‌ನಲ್ಲಿ ಬರೀತಿತ್ತು, 60 ದಾಟಿದ್ರೆ ವಿಮಾನ ಹೋಯ್ತು ಅಂತಾನೇ ಲೆಕ್ಕ, ಪೈಲಟ್ ನಡ್ಕೊಂಡು ಬಂದ್ರೂ ಅಷ್ಟೆ.

ಏಸಸ್ ಹೈ ಥರದ ಗೇಮಲ್ಲಿ ನಿಮ್ಮ ಥರ ಇಳಿಸೋದಕ್ಕೆ ಡಿಚ್ ಅಂತಾರೆ, ಅಲ್ಲಂತೂ ಸ್ವಂತ ಬೇಸಿನ ಹುಲ್ಲಿನ ಮೇಲೆ ನಿಂತು ಎಕ್ಸಿಟ್ ಒತ್ತಿದ್ರೂ ಡಿಚ್ಚೇ, ಹಾಗಾಗಿ ಮೊದಲು ಕಾಂಕ್ರೀಟ್ ಮೇಲೆ ತಂದು ನಿಲ್ಸಿ. ಈ ರೂಲ್ ನನಗೂ ಸ್ವಲ್ಪ ಅತಿ ಅನ್ಸತ್ತೆ. ಆದ್ರೆ ಕಿಲ್ ಕೊಡೋ ರೂಲ್ ಬೇಕೇ ಬೇಕು, ಇಲ್ಲಾಂದ್ರೆ ಹಿಂದೆ ಶತ್ರು ಬಂದ ತಕ್ಷಣ ಎಲ್ಲರೂ ಮೂಗು ಬಗ್ಗಿಸಿ ಹೊಲಕ್ಕೆ ಇಳಿಸಿ ಎಸ್ಕೇಪ್ ಆಗ್ಬಿಡ್ತಾರೆ.

ಪ್ರಶ್ನೆ: ಶತ್ರು ಜಾಗದಲ್ಲಿ ಒಂದು ಚೂರೂ ಡ್ಯಾಮೇಜ್ ಆಗ್ದೆ ಇಳಿಸಿದ್ರೆ?

ಉತ್ತರ: ಸೆರೆ! 1942ರ ಜೂನ್ 23ರಂದು ಆರ್ಮಿನ್ ಫಾಬರ್ ಅನ್ನೋ ಜರ್ಮನ್ ಪೈಲಟ್ ದಾರಿ ತಪ್ಪಿ ತನ್ನ ಫೋಕೆವುಲ್ಫ್ 190 ಫೈಟರ್ ವಿಮಾನನ ವೇಲ್ಸ್‌ನ ಪೆಂಬ್ರಿ ಏರ್‌ಫೀಲ್ಡ್‌ನಲ್ಲಿ ನೀಟಾಗಿ ಇಳಿಸಿದ, ಬ್ರಿಟಿಷರಿಗೆ ಹೊಸ ಮಾಡೆಲ್ ಪುಕ್ಕಟೆ ಸಿಕ್ತು. ಲ್ಯಾಂಡಿಂಗ್‌ಗೆ ಫುಲ್ ಮಾರ್ಕ್ಸ್, ಸ್ಕೋರ್ ಮಾತ್ರ ಸೊನ್ನೆ.

ಪ್ರಶ್ನೆ: ನೀರಿಗೆ ಇಳಿಸಬಹುದಾ?

ಉತ್ತರ: ಮಸ್ಟ್ಯಾಂಗ್ ಅನ್ನೋ ಅಮೆರಿಕನ್ ಫೈಟರ್ ಆದ್ರೆ ಬೇಡ, ಹೊಟ್ಟೆ ಕೆಳಗಿರೋ, ಇಂಜಿನ್ ತಂಪು ಮಾಡೋ ರೇಡಿಯೇಟರ್ ಬಾಯಿ ನೀರಿಗೆ ಸಿಕ್ಕಿ ಮೂಗು ಸೀದಾ ಒಳಕ್ಕೆ ಎಳ್ಕೊಂಡು ಹೋಗತ್ತೆ. ಹೈಟ್ ಇದ್ರೆ ಪ್ಯಾರಾಚೂಟ್ ಹಾಕ್ಕೊಂಡು ಹಾರಿ.