ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲ: ಬೋರ್ಡ್ ವಾಪಸ್ ಕೊಡುವ ಮುಂಚೆ ಇಷ್ಟು ನೋಡಿ

ನಾಳೆಯೇ ಬೋರ್ಡ್ ಬಿಚ್ಚಿಕೊಂಡು ಅಂಗಡಿಗೆ ಹೋಗಬೇಡಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಡೊಂಬಿವಲಿಯ ಮನೆಯಲ್ಲಿ ಜೋಡಿಸಿದ್ದೀರಿ, ಫ್ಯಾನೆಲ್ಲ ತಿರುಗುತ್ತಿದೆ, ಮಾನಿಟರ್ ಮಾತ್ರ ನೋ ಸಿಗ್ನಲ್ ಅನ್ನುತ್ತಿದೆ, ಬೋರ್ಡ್ ಸತ್ತಿದೆಯಾ ಅಂತ ಕೇಳಿದ್ದೀರಿ. ಹಾಗಿರುವ ಸಾಧ್ಯತೆ ಕಡಿಮೆ. ಮುಲುಂಡ್, ಠಾಣೆ ಕಡೆಯ ನಮ್ಮವರಿಗೆ ನಾನು ಪಿಸಿ ಜೋಡಿಸಿಕೊಡುತ್ತಿರುತ್ತೇನೆ. ಇಂಥ ಕಡೆ ಜಾಸ್ತಿ ಸಿಗುವುದು ಸರಿಯಾಗಿ ಕೂರದ ರ‍್ಯಾಮ್, ಇಲ್ಲವೇ ಬೇರೆ ಕಡೆ ಚುಚ್ಚಿದ ಕೇಬಲ್.

ಮೊದಲು ಕೇಬಲ್ಲೇ ನೋಡಿ. 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ, ಅದು ಇರುವುದು 5600ಜಿಯಲ್ಲಿ. ಹಾಗಾಗಿ ಕ್ಯಾಬಿನೆಟ್ ಹಿಂದೆ ಯುಎಸ್‌ಬಿ ಪಕ್ಕದಲ್ಲಿರುವ ಎಚ್‌ಡಿಎಂಐ ತೂತಿಗೆ ಹಾಕಿದರೆ ಜನ್ಮದಲ್ಲಿ ಚಿತ್ರ ಬರುವುದಿಲ್ಲ. ಕೆಳಗೆ ಅಡ್ಡಡ್ಡ ಇರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಹಾಕಬೇಕು. ಮಾನಿಟರಿನ ಮೆನುವಿನಲ್ಲೂ ಅದೇ ಇನ್‌ಪುಟ್ ಆರಿಸಿದ್ದೀರಾ ನೋಡಿಬಿಡಿ.

ಫ್ಯಾನ್ ತಿರುಗುವುದರಿಂದ ಪವರ್ ಸಪ್ಲೈ ಕರೆಂಟ್ ಕೊಡುತ್ತಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಪ್ರೊಸೆಸರ್ ಎದ್ದಿದೆಯಾ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಬೋರ್ಡಿನ ಮೇಲಿನ ಮೂಲೆಯಲ್ಲಿ, ಪ್ರೊಸೆಸರ್ ಹತ್ತಿರ 8 ಪಿನ್ನಿನ ಸಾಕೆಟ್ ಇರುತ್ತದೆ ಅಲ್ವಾ, ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಹಾಕಿದ ಮೇಲೆ ಅಲ್ಲಿಗೆ ಕೈ ಹೋಗುವುದೇ ಕಷ್ಟ, ಅದಕ್ಕೇ ಬಹಳ ಜನರಿಗೆ ಅದು ಬಿಟ್ಟುಹೋಗುತ್ತದೆ. ಅದಕ್ಕೆ 4+4 ಆಗಿ ಬಿಡಿಸಬಹುದಾದ ಸಿಪಿಯು (ಅಂದರೆ ಪ್ರೊಸೆಸರ್) ವೈರು ಬೇಕು. ಗ್ರಾಫಿಕ್ಸ್ ಕಾರ್ಡಿನದು 6+2. ನೋಡಲು ಎರಡೂ ಒಂದೇ ಥರ, ಆದರೆ ಒಂದರದ್ದನ್ನು ಇನ್ನೊಂದಕ್ಕೆ ಒತ್ತಿ ಒತ್ತಿ ತುರುಕಬೇಡಿ. ಕಾರ್ಡಿಗೆ ಬೇರೆ ಪವರ್ ಸಾಕೆಟ್ ಇದ್ದರೆ ಅದಕ್ಕೂ ವೈರು ಹೋಗಿರಬೇಕು.

ಈಗ ರ‍್ಯಾಮ್. ಇದಕ್ಕೆ ಸ್ವಲ್ಪ ಟೈಮ್ ಕೊಡಿ. ಗೋಡೆಯ ಸ್ವಿಚ್ ಆಫ್ ಮಾಡಿ, ಎರಡನ್ನೂ ತೆಗೆಯಿರಿ. ಬಂಗಾರದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿಬಿಡಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದಕ್ಕೆ ಒಂದೇ ಒಂದು ರ‍್ಯಾಮ್ ಹಾಕಿ. ಎಷ್ಟೋ ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ, ಆ ಕಡೆ ಟಕ್ ಅಂದ ಕೂಡಲೇ ಆಯಿತು ಅಂದುಕೊಳ್ಳುತ್ತೇವೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆಯೇ ಉಳಿದಿರುತ್ತದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ಬೋರ್ಡ್ ಸ್ವಲ್ಪ ಬಾಗುವಷ್ಟು ಒತ್ತಿ, ಭಯ ಬೇಡ. ಆಮೇಲೆ ಆನ್ ಮಾಡಿ ಒಂದೆರಡು ನಿಮಿಷ ಸುಮ್ನೆ ಬಿಡಿ. ಬರಲಿಲ್ಲವಾ, ಇನ್ನೊಂದು ರ‍್ಯಾಮ್ ಹಾಕಿ ನೋಡಿ.

ಆಗಲೂ ಇಲ್ಲ ಅಂದರೆ ಬೋರ್ಡನ್ನೇ ಕೇಳಿ. ಬಹಳಷ್ಟು ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಅಂದರೆ ಗ್ರಾಫಿಕ್ಸ್ ಕಾರ್ಡ್), ಬೂಟ್ ಅಂತ ಸಣ್ಣ ಅಕ್ಷರ, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಲೈಟ್ ಇರುತ್ತವೆ. ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲಿ. ನಿಮ್ಮ ಬೋರ್ಡಿನಲ್ಲಿ ಅದಿಲ್ಲದಿದ್ದರೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಲೈಟ್ ಹತ್ತಿ ಆರುತ್ತಿದ್ದರೆ ಪಿಸಿ ಎದ್ದಿದೆ, ಗ್ರಾಫಿಕ್ಸ್ ಕಾರ್ಡ್, ಕೇಬಲ್, ಮಾನಿಟರ್ ಕಡೆ ಹುಡುಕಿ.

ಸಿಪಿಯು ಲೈಟೇ ಉಳಿದರೆ ನನಗೆ ಅನುಮಾನ ಬಯಾಸ್ ಮೇಲೆ, ಅಂದರೆ ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್ ಮೇಲೆ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಅಂಗಡಿಯಲ್ಲಿ ಹಳೇ ಸ್ಟಾಕ್ ಕೊಟ್ಟಿದ್ದರೆ ಆ ಬೋರ್ಡಿಗೆ ನಿಮ್ಮ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇದ್ದರೆ ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಿಂದ ಮನೆಯಲ್ಲೇ ಅಪ್‌ಡೇಟ್ ಮಾಡಬಹುದು. ಫೈಲಿನ ಹೆಸರು ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೇ ಇರಲಿ. ನಡುವೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಕೆಡಬಹುದು, ಮಳೆಗಾಲದಲ್ಲಂತೂ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬಟನ್ ಇಲ್ಲವಾ, ಆಗ ಅಂಗಡಿಗೇ ಹೋಗಿ, ಅವರ ಹತ್ತಿರ ಹಳೇ ರೈಜೆನ್ ಇದ್ದರೆ ಅದನ್ನು ಹಾಕಿ ಅಪ್‌ಡೇಟ್ ಮಾಡಿಕೊಡಲು ಹೇಳಿ.

ಒಂದು ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ಪ್ರೊಸೆಸರ್ ತೆಗೆಯಬೇಕಾಗಿ ಬಂದರೆ ಕೂಲರನ್ನು ನೇರ ಮೇಲಕ್ಕೆ ಕೀಳಬೇಡಿ. ಈ ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನ ಕೆಳಗೇ ಇವೆ. ಎರಡರ ನಡುವೆ ಹಚ್ಚಿದ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರೂ ಕಿತ್ತುಬರಬಹುದು, ಪಿನ್ ಬಾಗಿದರೆ ವಾರಂಟಿ ಕೇಳುವುದೂ ಕಷ್ಟ. ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ ಸಡಿಲ ಮಾಡಿಯೇ ಎತ್ತಿ. ಅದಕ್ಕೂ ಮುಂಚೆ ರ‍್ಯಾಮ್ ಮತ್ತು ಕೇಬಲ್ ಇವತ್ತೇ ನೋಡಿ, ಯಾವ ಲೈಟ್ ಉಳಿಯಿತು ಅಂತ ಬೋರ್ಡಿನ ಪೂರ್ತಿ ಮಾಡೆಲ್ ಹೆಸರಿನ ಜೊತೆ ಬರೆಯಿರಿ, ಮುಂದಿನದು ಹೇಳುತ್ತೇನೆ.