ಸಂಪಾದಕರ ಉತ್ತರ: ಸೈಟು ಮಾರುವ ಮುಂಚೆ ಆಫರ್ ಪತ್ರ ಓದಿ

ಬೆಳಗಾವಿಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಆಟೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಡಿಸೈನ್ ಇಂಜಿನಿಯರ್. ಹೆಂಡತಿ ಹೈಸ್ಕೂಲ್ ಟೀಚರ್. ಒಬ್ಬಳೇ ಮಗಳು. ಸ್ವೀಡನ್‌ಗೆ ಹೋಗಿ ನೆಲೆಸುವ ಆಸೆ. ಏಜೆಂಟರೊಬ್ಬರು 6 ಲಕ್ಷ ಕೊಟ್ಟರೆ ಕೆಲಸ, ವೀಸಾ, ಪಿಆರ್ (ಕಾಯಂ ವಾಸದ ಅನುಮತಿ) ಮೂರೂ ಗ್ಯಾರಂಟಿ ಅನ್ನುತ್ತಾರೆ. ಅದಾಗದಿದ್ದರೆ ಅಲ್ಲೇ ಕಂಪನಿ ತೆರೆದು ಉದ್ಯಮಿಯಾಗಿ ಹೋಗಬಹುದಂತೆ. ಅಪ್ಪನ ಸೈಟು ಮಾರಲು ಹೊರಟಿದ್ದೇನೆ. ಏನು ಮಾಡಲಿ?"

ನಮಸ್ಕಾರ. ಮೊದಲು ಸೈಟಿನ ವಿಷಯ. ದಯವಿಟ್ಟು ಮಾರಬೇಡಿ. ಏಜೆಂಟರಿಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಆಸೆ ತಪ್ಪು ಅಂತ ಹೇಳುತ್ತಿಲ್ಲ, ನಿಮ್ಮ ಕಸುಬಿಗೆ ಅಲ್ಲಿ ಬೆಲೆ ಇದೆ. ಆದರೆ ಏಜೆಂಟರು ಮಾರುತ್ತಿರುವ ವಸ್ತು ಅವರ ಕೈಯಲ್ಲಿ ಇಲ್ಲವೇ ಇಲ್ಲ.

ಸ್ವೀಡನ್‌ನಲ್ಲಿ ಕೆನಡಾದ ಹಾಗೆ ಪಾಯಿಂಟ್ಸ್ ಲೆಕ್ಕ ಇಲ್ಲ. ಮೊದಲು ಕೆಲಸ, ಆಮೇಲೆ ಅಲ್ಲಿ ದುಡಿಯುವ ಪರ್ಮಿಟ್. ಅರ್ಜಿ ಶುರು ಮಾಡುವುದೇ ಕೆಲಸ ಕೊಡುವ ಕಂಪನಿ. ಅಲ್ಲಿನ ವಲಸೆ ಇಲಾಖೆಯಾದ ಮಿಗ್ರೇಷನ್ಸ್‌ವರ್ಕೆಟ್‌ನ ವೆಬ್‌ಸೈಟಿನಲ್ಲಿ ಅವರು ಹುದ್ದೆ, ಸಂಬಳ, ಇನ್ಶೂರೆನ್ಸ್ ಎಲ್ಲ ತುಂಬಿದ ಮೇಲೆ ನಿಮ್ಮ ಇಮೇಲ್‌ಗೆ ಲಿಂಕ್ ಬರುತ್ತದೆ, ಉಳಿದದ್ದನ್ನು ನೀವೇ ತುಂಬಿ ಶುಲ್ಕ ಕಟ್ಟುತ್ತೀರಿ. ಆ ಶುಲ್ಕ ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಇದರಲ್ಲಿ 6 ಲಕ್ಷದ ಕೆಲಸ ಎಲ್ಲಿದೆ ಹೇಳಿ? ನಮ್ಮ ದೇಶದ ಕಾನೂನಿನಲ್ಲೂ ನೋಂದಾಯಿತ ಏಜೆಂಟರು ನಿಮ್ಮಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರಿದೆಯಾ ನೋಡಿ. ಇನ್ನು ಪಿಆರ್ ಸಿಗುವುದು ಅಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ. ಅದಕ್ಕೆ ಇವತ್ತೇ ಗ್ಯಾರಂಟಿ ಕೊಡುವವರು ಸುಳ್ಳು ಹೇಳುತ್ತಿದ್ದಾರೆ.

ನಾನು ಒತ್ತಿ ಹೇಳಬೇಕಾದದ್ದು ಇದು: ಅಲ್ಲಿ ನಿಮ್ಮ ಬದುಕು ನಿಮ್ಮ ಕಂಪನಿಯ ಕಾಗದಪತ್ರದ ಮೇಲೆ ನಿಂತಿರುತ್ತದೆ. ಮೊದಲ ಎರಡು ವರ್ಷ ಪರ್ಮಿಟ್ ಆ ಕಂಪನಿಗೂ ಆ ಹುದ್ದೆಗೂ ಕಟ್ಟುಬಿದ್ದಿರುತ್ತದೆ. ಕಂಪನಿ ಬದಲಿಸಿದರೆ ಹೊಸ ಅರ್ಜಿ. ಕೆಲಸ ಹೋದರೆ ಇನ್ನೊಂದು ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳು ಟೈಮ್. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಕಂಪನಿಯವರು ಪಿಂಚಣಿ ಇನ್ಶೂರೆನ್ಸ್ ಕಟ್ಟಲಿಲ್ಲ, ಸಂಬಳ ಮಾತಾಡಿದ್ದಕ್ಕಿಂತ ಸ್ವಲ್ಪ ಕಮ್ಮಿ ಕೊಟ್ಟರು ಅನ್ನುವ ಕಾರಣಕ್ಕೆ, ತಮ್ಮದೇನೂ ತಪ್ಪಿಲ್ಲದ ಇಂಜಿನಿಯರುಗಳು ಪರ್ಮಿಟ್ ನವೀಕರಣದ ಹೊತ್ತಿಗೆ ದೇಶ ಬಿಡಬೇಕಾಗಿ ಬಂದದ್ದಿದೆ. ಇದರ ಬಗ್ಗೆ ಸ್ವೀಡನ್‌ನಲ್ಲೇ ದೊಡ್ಡ ಗಲಾಟೆ ಆಯ್ತು. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ವಲಸೆ ಮೇಲ್ಮನವಿ ನ್ಯಾಯಾಲಯ, ಒಂದು ಸಣ್ಣ ತಪ್ಪು ಹಿಡಿದು ಕಳಿಸಬೇಡಿ, ಒಟ್ಟಾರೆ ನೋಡಿ ತೀರ್ಮಾನಿಸಿ ಅಂದಿತು. ಈಗ ಪರಿಸ್ಥಿತಿ ಸುಧಾರಿಸಿದೆ. ಆದರೂ ಏಜೆಂಟರು ತೋರಿಸುವ ಹೆಸರೇ ಕೇಳದ ಪುಟ್ಟ ಕಂಪನಿಗೆ ಹೋಗಿ ಸೇರಿದರೆ ಈ ಅಪಾಯ ನಿಮ್ಮ ತಲೆಯ ಮೇಲೆಯೇ.

ಆದ್ದರಿಂದ ಆಫರ್ ಬಂದಾಗ ಸಂಬಳ ಒಂದನ್ನೇ ನೋಡಬೇಡಿ. ಆರೋಗ್ಯ, ಜೀವ, ಕೆಲಸದ ಅಪಘಾತ, ಪಿಂಚಣಿ, ಈ ನಾಲ್ಕೂ ಇನ್ಶೂರೆನ್ಸ್ ಎಂದಿನಿಂದ ಶುರು ಅಂತ ಬರೆದು ಕೊಡಲು ಕೇಳಿ. ಸಂಬಳ, ಸೌಲಭ್ಯಗಳ ಬಗ್ಗೆ ಕಾರ್ಮಿಕ ಸಂಘದ ಜೊತೆ ಸಾಮೂಹಿಕ ಒಪ್ಪಂದ ಇರುವ ಕಂಪನಿಯೇ ಅಂತ ಕೇಳಿ. ಕನಿಷ್ಠ ಸಂಬಳದ ಮಿತಿ ಅವತ್ತಿಗೆ ಎಷ್ಟಿದೆ ಅಂತ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ, ಯಾಕೆಂದರೆ ತಿಂಗಳಿಗೆ 13,000 ಕ್ರೋನಾ (ಸ್ವೀಡನ್‌ನ ನಾಣ್ಯ) ಇದ್ದದ್ದು 2023ರ ನವೆಂಬರ್‌ನಲ್ಲಿ ಒಂದೇ ಏಟಿಗೆ 27,360 ಆಯ್ತು, ಆಮೇಲೂ ಏರಿದೆ. ಹಳೆಯ ಯೂಟ್ಯೂಬ್ ವಿಡಿಯೋ ನಂಬಿ ಕೂರಬೇಡಿ.

ಉದ್ಯಮಿಯಾಗಿ ಹೋಗುವ ದಾರಿ? ಇದೆ, ಆದರೆ ನಿಮಗಲ್ಲ. ಕಂಪನಿಯಲ್ಲಿ ಕನಿಷ್ಠ ಅರ್ಧ ಪಾಲು ನಿಮ್ಮದಿರಬೇಕು, ಸ್ವೀಡನ್‌ನಲ್ಲೇ ಗಿರಾಕಿಗಳಿರುವುದಕ್ಕೆ ಪುರಾವೆ ಬೇಕು. ಜೊತೆಗೆ ಎರಡು ವರ್ಷದ ಜೀವನಕ್ಕೆ ನಿಮಗೆ 2 ಲಕ್ಷ ಕ್ರೋನಾ, ಹೆಂಡತಿಗೆ 1 ಲಕ್ಷ, ಮಗಳಿಗೆ 50 ಸಾವಿರ ತೋರಿಸಬೇಕು. ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿಗಿಂತ ಜಾಸ್ತಿ ಆಯ್ತು, ವ್ಯಾಪಾರದ ಬಂಡವಾಳ ಬೇರೆ. ಮಾರುವ ಸರಕು ಯಾವುದು ಅಂತಲೇ ನೀವು ಬರೆದಿಲ್ಲ, ಅಲ್ವಾ? ಸುಮ್ನೆ ಒಳಗೆ ಹೋಗಲಿಕ್ಕೆ ಕಂಪನಿ ತೆರೆಯಬೇಡಿ.

ನಿಮಗೆ ಹತ್ತಿರದ ದಾರಿ ಬೆಂಗಳೂರಿನಲ್ಲೇ ಇದೆ. ವೋಲ್ವೋ, ಎರಿಕ್ಸನ್ ಇಬ್ಬರಿಗೂ ಅಲ್ಲಿ ಕಚೇರಿಗಳಿವೆ. ಇಂಥ ಕಡೆ ಸೇರಿ, ಕೆಲಸ ತೋರಿಸಿ, ಒಳಗಿನಿಂದಲೇ ಗೋಥೆನ್‌ಬರ್ಗ್‌ಗೋ ಸ್ಟಾಕ್‌ಹೋಮ್‌ಗೋ ವರ್ಗ ಕೇಳುವುದು ನಿಧಾನದ ದಾರಿ, ಆದರೆ ಕಾಗದಪತ್ರ ಗಟ್ಟಿ. ಜೊತೆಗೆ ಸ್ವೀಡನ್ ಸರ್ಕಾರದ ಉದ್ಯೋಗ ತಾಣ ಪ್ಲಾಟ್ಸ್‌ಬ್ಯಾಂಕನ್ ನೋಡುತ್ತಿರಿ.

ಈಗ ನಿಮ್ಮ ಮನೆಯವರ ವಿಷಯ. ನಿಮ್ಮ ಪತ್ರದಲ್ಲಿ ಅವರಿಗೆ ಎರಡೇ ಪದ: ಹೈಸ್ಕೂಲ್ ಟೀಚರ್. ನನಗೆ ಅದೇ ಕೊರೆಯುತ್ತಿದೆ. ಅವರಿಗೂ ಕೆಲಸ ಮಾಡಲು ಅನುಮತಿ ಸಿಗುತ್ತದೆ, ನಿಜ. ಆದರೆ ನಿಮ್ಮ ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಅವರ ಶಾಲೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಕಾಯಂ ಶಿಕ್ಷಕಿಯಾಗಲು ಸ್ವೀಡಿಷ್ ಚೆನ್ನಾಗಿ ಬರಬೇಕು, ಸ್ಕೂಲ್‌ವರ್ಕೆಟ್ ಅನ್ನುವ ಇಲಾಖೆಯಿಂದ ಪರವಾನಗಿ ಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ವಲಸೆ ಬಂದವರಿಗೆ ಭಾಷೆ ಕಲಿಸುವ ಎಸ್‌ಎಫ್‌ಐ ತರಗತಿ ಉಚಿತ, ಆದರೆ ಮೊದಲು ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಪರ್ಸನ್‌ನಂಬರ್ ಅನ್ನುವ ಗುರುತಿನ ಸಂಖ್ಯೆ ಪಡೆಯಬೇಕು. ಆ ನಂಬರ್ ಬರುವ ತನಕ ಬ್ಯಾಂಕ್ ಖಾತೆ, ಬ್ಯಾಂಕ್‌ಐಡಿ ಅನ್ನುವ ಡಿಜಿಟಲ್ ಗುರುತು, ಫೋನ್ ಕಾಂಟ್ರಾಕ್ಟ್ ಎಲ್ಲಕ್ಕೂ ತೊಡಕು. ಸ್ಟಾಕ್‌ಹೋಮ್‌ನ ನಗರದೊಳಗೆ ಮಾಲೀಕರಿಂದ ನೇರವಾಗಿ ಬಾಡಿಗೆ ಮನೆ ಪಡೆಯಲು ಕಾಯುವ ಸರದಿ ಹತ್ತು ವರ್ಷ ದಾಟುತ್ತದೆ, ಹಾಗಾಗಿ ಇನ್ನೊಬ್ಬರ ಮನೆಯನ್ನೇ ಮರುಬಾಡಿಗೆಗೆ ಹಿಡಿದು, ಅವಧಿ ಮುಗಿದಾಗ ಮತ್ತೆ ಹುಡುಕಬೇಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನೀವು ಆಫೀಸಿನಲ್ಲಿರುತ್ತೀರಿ, ಇದೆಲ್ಲದರ ಮಧ್ಯೆ ಮನೆಯಲ್ಲಿ ಒಬ್ಬರೇ ಇರುವವರು ಅವರು. ಮಗಳಿಗೆ ಶಾಲೆ, ಶಾಲೆಯ ಊಟ ಎರಡೂ ಉಚಿತ. ಅವಳು ಬೇಗ ಹೊಂದಿಕೊಳ್ಳುತ್ತಾಳೆ.

ಹೆಂಡತಿಯನ್ನು ಕೂರಿಸಿಕೊಂಡು ಕೇಳಿ. ಅವರೂ ಹೂಂ ಅಂದರೆ ಇಬ್ಬರೂ ಇಲ್ಲಿಂದಲೇ ಸ್ವೀಡಿಷ್ ಕಲಿಯಲು ಶುರು ಮಾಡಿ. ಏಜೆಂಟರು ಯಾವುದಾದರೂ ಆಫರ್ ಪತ್ರ ತೋರಿಸಿದರೆ ಸಹಿ ಹಾಕುವ ಮುಂಚೆ ನಮಗೊಂದು ಪ್ರತಿ ಕಳಿಸಿ. ಅಲ್ಲಿ ಕೆಲಸ ಮಾಡುವ ಓದುಗರು ನಮಗಿದ್ದಾರೆ, ಅವರಿಗೆ ತೋರಿಸಿ ತಿಳಿಸುತ್ತೇನೆ.

- ಸಂ.